ಮಾವನ ಬ್ಯಾಟರಿ ಗಾಡಿ ಕೀ ಬೀರುವಲ್ಲಿಟ್ಟಿದೀವಿ, ಕೊಡೋದಾ ಬೇಡ್ವಾ?

ಎಸ್.ಎಸ್.ಪುರಂ ಸೊಸೆ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ. ನಾವು ತುಮಕೂರು. ನಮ್ಮ ಮಾವನೋರಿಗೆ 76, ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರಾಗಿದ್ದೋರು. ಎರಡೂ ಮಂಡಿ ಹೋಗಿದೆ, ಎರಡು ವರ್ಷದ ಹಿಂದೆ ಸಣ್ಣದಾಗಿ ಸ್ಟ್ರೋಕ್ ಆಗಿ ಬಲಗಾಲು ಎಳೀತಾರೆ, ಶುಗರ್ ಅಂತೂ ಇಪ್ಪತ್ತು ವರ್ಷದಿಂದ ಇದೆ. ಗೇಟಿಂದ ಆಚೆ ಹೋಗೋದೇ ನಿಂತೋಗಿತ್ತು. ಅದಕ್ಕೆ ನಮ್ಮ ಮೈದುನ ಬೆಂಗಳೂರಲ್ಲಿ ಒಂದು ಮೊಬಿಲಿಟಿ ಸ್ಕೂಟರ್ ತಗೊಂಡು ಸಂಕ್ರಾಂತಿಗೆ ತಂದ್ಕೊಟ್ರು. ನಾಲ್ಕು ಚಕ್ರದ್ದು, ಸೀಟ್ ತಿರುಗತ್ತೆ, ಮುಂದೆ ಬುಟ್ಟಿ ಇದೆ. ಬೀದಿ ಮಕ್ಕಳೆಲ್ಲ ತಾತನ ಕಾರು ಅಂತಾವೆ. ಮೂರು ತಿಂಗಳು ಚೆನ್ನಾಗೇ ಓಡಿಸಿದ್ರು, ಬೆಳಿಗ್ಗೆ ಪೇಪರ್, ಹೂವು, ಆಮೇಲೆ ಪಾರ್ಕಲ್ಲಿ ಹಳೇ ಮೇಷ್ಟ್ರುಗಳ ಜೊತೆ ಅರ್ಧ ಗಂಟೆ ರಾಜಕೀಯ.

ಹೋದ ಭಾನುವಾರ ಮೂಲೆ ಹತ್ರ ನಾಯಿ ಅಡ್ಡ ಬಂದಿದೆ, ಇವರು ಗಾಬರಿ ಬಿದ್ದಿದಾರೆ, ಗಾಡಿ ನಿಲ್ಲೋದ್ ಬಿಟ್ಟು ಸೀದಾ ಹೋಗಿ ಎಳನೀರು ರಾಶಿಗೆ ಹೊಡೆದಿದೆ. ಕಾಯಿ ಅರ್ಧ ಮೋರಿಗೆ ಉರುಳಿದ್ವು, ಎಳನೀರಿನೋನಿಗೆ 600 ಕೊಟ್ವಿ. ಮೊಣಕಾಲ ಕೆಳಗೆ ಚರ್ಮ ಸುಲಿದಿದೆ, ಶುಗರ್ ಇರೋದ್ರಿಂದ ಇನ್ನೂ ಮಾಗಿಲ್ಲ. ಮಾವ "ಗಾಡೀನೇ ಸರಿಯಿಲ್ಲ" ಅಂದ್ರು, ನಮ್ಮನೆಯವರು ಅವತ್ತೇ ಕೀ ಕಿತ್ಕೊಂಡು ಬೀರುವಲ್ಲಿಟ್ರು. ಅವತ್ತಿಂದ ಮಾವ ಯಾರ ಹತ್ರನೂ ಮಾತಿಲ್ಲ. ಊಟಕ್ಕೆ ಕರೆದ್ರೆ "ಇಲ್ಲೇ ತಂದಿಡಮ್ಮ" ಅಂತಾರೆ. ಗಾಡಿ ಮೇಲೆ ನಮ್ಮತ್ತೆ ಹಳೇ ಸೀರೆ ಹೊದಿಸಿದಾರೆ, ನೋಡಿದ್ರೆ ಹೊಟ್ಟೆ ಕಿವಿಚತ್ತೆ. ಇದನ್ನ ಓಡಿಸಿರೋರು, ಮನೇಲಿರೋರು ಯಾರಾದ್ರೂ ಇದ್ರೆ ಹೇಳಿ, ಮತ್ತೆ ಕೊಡಬಹುದಾ? ಹೆಂಗ್ ಕಲಿಸೋದು?

ಗುಬ್ಬಿಗೇಟ್ ಗುಂಡ
ಕೀ ಕೊಡ್ಬೇಡಿ. ಇವತ್ತು ಎಳನೀರು, ನಾಳೆ ಲಾರಿ.

ನಾಕ್ ಚಕ್ರದ ನಾಣಿ
@ಗುಂಡ, ನಿಮ್ಮ ಬೈಕ್ ಕೀನೂ ಹಂಗೇ ಕಿತ್ಕೊಂಡಿದ್ರೆ ಇಷ್ಟೊತ್ತಿಗೆ ಎಷ್ಟು ಸಲ ಕಿತ್ಕೋಬೇಕಿತ್ತು ಲೆಕ್ಕ ಹಾಕಿ.

ಅಕ್ಕ, ನಂಗೆ 52, ಚಿಕ್ಕಂದಿನಲ್ಲೇ ಪೋಲಿಯೋ, ಆರು ವರ್ಷದಿಂದ ಇದೇ ಥರ ಗಾಡೀಲಿ ಓಡಾಡ್ತಿದೀನಿ. ನಿಮ್ಮ ಮಾವ ಗಾಡಿ ಸರಿಯಿಲ್ಲ ಅಂತಾರಲ್ಲ, ಗಾಡಿ ಸರಿಯಾಗೇ ಇರತ್ತೆ ನೋಡಿ. ಒಂದು ಮಾತು ಕೇಳ್ತೀನಿ, ಅವರು ಮೊದಲು ಏನ್ ಓಡಿಸ್ತಿದ್ರು? ಚೇತಕ್? ಟಿವಿಎಸ್ 50? ಆ ಗಾಡಿಗಳಲ್ಲಿ ನಾಯಿ ಅಡ್ಡ ಬಂದ್ರೆ ಕೈ ಏನ್ ಮಾಡತ್ತೆ? ಗಟ್ಟಿಯಾಗಿ ಹಿಡಿಯತ್ತೆ. ಹಿಡಿದ್ರೆ ಅಲ್ಲಿ ಬ್ರೇಕು. ಇದ್ರಲ್ಲಿ ಹಿಡಿದ್ರೆ ಎಕ್ಸಲೇಟರು. ಹ್ಯಾಂಡಲ್ ಕೆಳಗೆ ಬೆರಳಿಗೆ ಸಿಗೋ ಲಿವರ್ ಐತಲ್ಲ, ಅದನ್ನ ಒತ್ತಿದಷ್ಟೂ ಓಡತ್ತೆ, ಬಿಟ್ಟ ತಕ್ಷಣ ತಾನೇ ಬ್ರೇಕ್ ಹಾಕ್ಕೊಂಡು ನಿಲ್ಲತ್ತೆ. ಮೂವತ್ತು ವರ್ಷ ಹಿಡಿದು ನಿಲ್ಲಿಸಿದ ಕೈ, ಗಾಬರೀಲಿ ಬಿಡು ಅಂದ್ರೆ ಬಿಡಲ್ಲ. ನಾನೂ ಮೊದಲನೇ ವಾರ ನಮ್ಮನೆ ತುಳಸಿ ಕಟ್ಟೆಗೆ ಗುದ್ದಿದೀನಿ, ಒಂದಿಟ್ಟಿಗೆ ಇವತ್ತಿಗೂ ಅಲ್ಲಾಡತ್ತೆ.

ಬಾಯಲ್ಲಿ ಹೇಳಿದ್ರೆ ಬರಲ್ಲ. ಖಾಲಿ ಮೈದಾನಕ್ಕೆ ಕರ್ಕೊಂಡೋಗಿ, ಸ್ಪೀಡ್ ಗುಂಡಿ ಆಮೆ ಚಿತ್ರದ ಕಡೆ ಪೂರ್ತಿ ತಿರುಗಿಸಿ, ನೀವು ಪಕ್ಕದಲ್ಲಿ ನಡೀತಾ ಇದ್ದಕ್ಕಿದ್ದಂಗೆ "ಬಿಡಿ" ಅನ್ನಿ. ಅವರು ಎರಡೂ ಕೈ ಬೆರಳು ಬಿಚ್ಚಬೇಕು. ದಿನಕ್ಕೆ ಇಪ್ಪತ್ತು ಸಲ, ಹತ್ತು ದಿನ. ಮಾತಿಗೆ ಮುಂಚೆ ಬೆರಳು ಬಿಚ್ಚೋ ತನಕ ರೋಡಿಗೆ ಬೇಡ.

ಎಸ್.ಎಸ್.ಪುರಂ ಸೊಸೆ
ಅಯ್ಯೋ ಹೌದು ಸಾರ್, ಚೇತಕ್ಕೇ. ರಿಟೈರ್ ಆಗೋ ತನಕ ಚೇತಕ್. ಇದನ್ನ ಓದಿ ಹೇಳ್ದೆ ಅವರಿಗೆ, ಭಾನುವಾರದಿಂದ ಮೊದಲ್ನೇ ಸಲ ಪೇಪರ್ ಕೆಳಗಿಟ್ಟು ಕೇಳಿಸ್ಕೊಂಡ್ರು.

ಶಿರಾ ಶಿವು
ನಮ್ಮ ಚಿಕ್ಕಪ್ಪಂಗೆ ಸರ್ಕಾರದಿಂದ ಫ್ರೀಯಾಗಿ ಬಂತು ಇದು. ಹಿಂದೆ ಎರಡು ಚಕ್ರ ಎಕ್ಸ್‌ಟ್ರಾ. 60ರಲ್ಲಿ ಹೋಗ್ತಾನೆ ಆರಾಮಾಗಿ.

ನಾಕ್ ಚಕ್ರದ ನಾಣಿ
ಶಿವು ಅವರೇ ಅದು ಬೇರೆ ಇದು ಬೇರೆ. ನೀವು ಹೇಳ್ತಿರೋದು ಪೆಟ್ರೋಲ್ ಸ್ಕೂಟರಿಗೆ ಸೈಡ್ ವೀಲ್ ಹಾಕಿರೋದು, ಅಂಗವಿಕಲರ ಇಲಾಖೆಯಿಂದ ಕೊಡ್ತಾರಲ್ಲ ಯಂತ್ರಚಾಲಿತ ದ್ವಿಚಕ್ರ ಅಂತ, ಅದು. ಅದಕ್ಕೆ ಲೈಸೆನ್ಸು, ನಂಬರ್ ಪ್ಲೇಟು, ಹೆಲ್ಮೆಟ್ಟು ಎಲ್ಲ ಬೇಕು. ಇದು ಕುರ್ಚಿಗೆ ಚಕ್ರ ಹಾಕ್ದಂಗೆ, ನಡೆಯೋರ ಜೊತೆ ನಡಿಗೆ ಸ್ಪೀಡಲ್ಲಿ ಹೋಗೋದು. ಅಂಗವಿಕಲರ ಸಾಧನ ಮಾಡೋ ಸರ್ಕಾರಿ ಕಂಪನಿ, ಕಾನ್ಪುರದ ಅಲಿಮ್ಕೋದವರ ಬ್ಯಾಟರಿ ಟ್ರೈಸಿಕಲ್ ಇನ್ನೊಂದು, ಅದು ಮೂರು ಚಕ್ರ, ಅದನ್ನ ಕೇಂದ್ರ ಸರ್ಕಾರದ ಸ್ಕೀಮಲ್ಲಿ ಕೊಡ್ತಾರೆ, 16 ವರ್ಷ ಆಗಿರ್ಬೇಕು.

ಶಿರಾ ಶಿವು
ಓ ಹಂಗಾ. ಸರಿ ಸರಿ.

ಕೋಲಾರದ ಕುಸುಮ
ನಮ್ಮಮ್ಮಂದೂ ಹೇಳ್ತೀನಿ. ಕೋಲಾರದಲ್ಲಿ ನಮ್ಮ ಮನೆ ಕ್ಲಾಕ್ ಟವರ್ ಹಿಂದುಗಡೆ. ಅಮ್ಮ ಇದರಲ್ಲೇ ಕೋಲಾರಮ್ಮನ ಗುಡಿಗೆ ಹೋಗಿ ಬರೋರು. ಒಂದಿನ ಸೆರಗು ಜಾರಿ ಹಿಂದಿನ ಚಕ್ರದ ಸಂದಿಗೆ ಸಿಕ್ಕಿ ಕತ್ತು ಹಿಂದಕ್ಕೆ ಎಳೀತು ನೋಡಿ, ಪುಣ್ಯಕ್ಕೆ ಆಮೆ ಸ್ಪೀಡಲ್ಲಿದ್ರು, ಕಿರುಚಿ ಕೈ ಬಿಟ್ರು, ನಿಂತೋಯ್ತು. ಪಿನ್ ಹಾಕಿದ್ ಭುಜದ ಹತ್ರ ರವಿಕೆ ಹರಿದೇ ಹೋಗಿತ್ತು. ಆಮೇಲಿಂದ ಸೆರಗು ಸುತ್ತಿ ಸೊಂಟಕ್ಕೆ ಸಿಗಿಸದೆ ಕೀ ತಿರುಗಿಸೋದೇ ಇಲ್ಲ. ಪಂಚೆ ಉಡೋ ಗಂಡಸರಿಗೂ ಇದೇ ಕಥೆ, ಅಂಚು ಆಚೆ ಈಚೆ ನೇತಾಡ್ತಿರತ್ತೆ. ಶಾಲು, ಬ್ಯಾಗಿನ ದಾರ, ಹ್ಯಾಂಡಲ್ಲಿಗೆ ನೇತಾಕೋ ತರಕಾರಿ ಚೀಲ... ಚೀಲ ಬೇಡ್ವೇ ಬೇಡ, ಹ್ಯಾಂಡಲ್ ಒಂದು ಕಡೆಗೆ ಎಳೆಯತ್ತೆ, ಕೆಲವು ಸಲ ಲಿವರ್ ಮೇಲೇ ಕೂತ್ಕೊಳತ್ತೆ.

ಬಟವಾಡಿ ಬಸು
ಸೆರಗು ವಿಷ್ಯ ಸೂಪರ್ ಮೇಡಂ, ಯಾವ ಮ್ಯಾನ್ಯುಯಲ್ಲಲ್ಲೂ ಬರ್ದಿರಲ್ಲ.

ಫಿಸಿಯೋ ತುಮಕೂರು
ನಾನು ಫಿಸಿಯೋಥೆರಪಿ ಮಾಡ್ತೀನಿ. ನಾಣಿ ಸಾರ್ ಹೇಳಿದ ಬೆರಳಿನ ಕಥೆ ನೂರಕ್ಕೆ ನೂರು ನಿಜ, ಆದ್ರೆ ಅದೊಂದೇ ಕಾರಣ ಅಂತ ನಾನ್ ಒಪ್ಪಲ್ಲ. ಸೊಸೆಯವರೇ, ಎಳನೀರು ರಾಶಿ ಯಾವ ಕಡೆ ಇತ್ತು? ಎಡಕ್ಕೋ ಬಲಕ್ಕೋ?

ಎಸ್.ಎಸ್.ಪುರಂ ಸೊಸೆ
ಬಲಗಡೆ. ಯಾಕೆ?

ಫಿಸಿಯೋ ತುಮಕೂರು
ಬಲಗಾಲು ಎಳೀತಾರೆ ಅಂದ್ರೆ ಮಿದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆಗಿದೆ. ಅಂಥೋರಲ್ಲಿ ಕೆಲವರಿಗೆ ಎರಡೂ ಕಣ್ಣಲ್ಲಿ ಬಲಗಡೆ ನೋಟ ಹೋಗಿರತ್ತೆ. ಕತ್ತಲೆ ಥರ ಕಾಣಲ್ಲ, ಆ ಕಡೆ ಇರೋದು ಲೆಕ್ಕಕ್ಕೇ ಬರಲ್ಲ ಅಷ್ಟೆ, ಹಾಗಾಗಿ ಅವರಿಗೇ ಗೊತ್ತಿರಲ್ಲ. ತಟ್ಟೆಯಲ್ಲಿ ಒಂದು ಕಡೆ ಪಲ್ಯ ಹಂಗೇ ಉಳೀತಾ ಇದ್ಯಾ, ಬಾಗಿಲಿನ ಒಂದೇ ಪಕ್ಕ ಭುಜ ತಗುಲತ್ತಾ ನೋಡಿ. ಕಣ್ಣಿನ ಡಾಕ್ಟರ ಹತ್ರ ಹೋಗಿ ಅಕ್ಷರ ಓದಿಸೋದೊಂದೇ ಅಲ್ಲ, ಪಕ್ಕದ ನೋಟದ ಟೆಸ್ಟೂ ಮಾಡಿ ಅಂತ ಕೇಳಿ. ಅದು ಆಗೋ ತನಕ ರಸ್ತೆಗೆ ಬೇಡ, ಮೈದಾನ ಓಕೆ.

ಇನ್ನೊಂದು ಶುಗರ್ ಪಾದ. ಸ್ಪರ್ಶ ಕಮ್ಮಿ ಇರೋರಿಗೆ ಪಾದ ಫುಟ್‌ಬೋರ್ಡಿಂದ ಆಚೆ ಜಾರಿದ್ದೇ ಗೊತ್ತಾಗಲ್ಲ. ಒಬ್ಬರು ಪೇಷಂಟು ಹಿಂಗೇ ಕಾಲು ಹೊರಗೆ ಬಿಟ್ಕೊಂಡು ಗೇಟಿನ ಕಂಬಕ್ಕೆ ಉಜ್ಜಿಸ್ಕೊಂಡು ಬಂದಿದ್ರು, ಚಪ್ಪಲಿಗೆ ರಕ್ತ ಆದ್ಮೇಲೆ ಗೊತ್ತಾಗಿದ್ದು. ಹಿಂಬದಿ ಪಟ್ಟಿ ಇರೋ ಚಪ್ಪಲಿ ಅಥವಾ ಶೂ ಹಾಕಿಸಿ, ಹವಾಯ್ ಬೇಡ. ನಿದ್ದೆ ಬರ್ಸೋ ಮಾತ್ರೆ ಏನಾದ್ರೂ ತಗೊಂಡ್ರೆ ಅದರ ಅಮಲು ಇಳಿಯೋ ತನಕ ಗಾಡಿ ಹತ್ತೋದು ಬೇಡ. ಬುಟ್ಟೀಲಿ ಎರಡು ಗ್ಲೂಕೋಸ್ ಬಿಸ್ಕತ್ತಿನ ಪ್ಯಾಕು ಇರಲಿ, ಶುಗರ್ ಇಳಿದ್ರೆ ಬೇಕಾಗತ್ತೆ.

ಹಳೇ ಪೈಲ್ವಾನ್
ನಡೆಸ್ರೀ ಮೊದ್ಲು. ಈ ಗಾಡಿ ಹತ್ತಿಸಿ ಹತ್ತಿಸಿನೇ ಇರೋ ಕಾಲೂ ಬಿದ್ದೋಗೋದು. ನಮ್ ತಾತ 90ಕ್ಕೆ ದೇವರಾಯನದುರ್ಗ ಹತ್ತೋರು.

ಫಿಸಿಯೋ ತುಮಕೂರು
ತಾತನಿಗೆ ನಮಸ್ಕಾರ. ಆದ್ರೆ ಮನೆಯೊಳಗೆ ನಡೆಯೋದು ಬೇರೆ, ಹೊರಗೆ ನಾಲ್ಕು ಜನರ ಹತ್ರ ಹೋಗಿ ಬರೋದು ಬೇರೆ. ಎರಡೂ ಬೇಕು. ಗಾಡಿ ಇದೆ ಅಂತ ವ್ಯಾಯಾಮ ಬಿಡಬಾರದು, ಅಷ್ಟು ಒಪ್ತೀನಿ.

ಮಂಡಿಪೇಟೆ ಮಂಜ
ನಮ್ಮಪ್ಪಂದು ಇನ್ನೊಂದು ಥರ ಆಯ್ತು, ತಪ್ಪು ನಂದೇ. ಗಾಡಿ ಹಿಂದೆ ಕೆಳಗಡೆ ಕೆಂಪು ಲಿವರ್ ಇರತ್ತೆ, ನ್ಯೂಟ್ರಲ್ ಮಾಡಿ ತಳ್ಳೋಕೆ. ರಾತ್ರಿ ಗಾಡಿ ಒಳಗೆ ತಳ್ಳಕ್ಕೆ ನಾನು ಅದನ್ನ ಎತ್ತಿದೀನಿ, ವಾಪಸ್ ಹಾಕಿಲ್ಲ. ಬೆಳಿಗ್ಗೆ ಈಚೆ ತಂದು ಗೇಟ್ ಮುಂದಿನ ಇಳಿಜಾರಲ್ಲಿ ಚಕ್ರಕ್ಕೊಂದು ಕಲ್ಲು ಕೊಟ್ಟು ನಿಲ್ಸಿದೀನಿ, ಅಪ್ಪ ಬಂದು ಕೂತು, ಕಲ್ಲು ತೆಗಿಯೋ ಅಂದ್ರು, ತೆಗೆದೆ. ಹಿಂದಕ್ಕೆ ಉರುಳ್ತು. ನಾನು ಹಿಡ್ಕೊಳಕ್ಕೆ ಹೋದೆ, ಗಾಡಿ ಐವತ್ತು ಕೆಜಿ, ಅಪ್ಪ ಎಪ್ಪತ್ತು ಕೆಜಿ, ನಾನೆಲ್ಲಿ ಹಿಡೀಲಿ, ಎದುರು ಮನೆ ಕಾರಿನ ಬಂಪರ್ ಹಿಡೀತು. ಕಾರಿನೋರು ಇವತ್ತಿಗೂ ಮುಖ ಕೊಟ್ಟು ಮಾತಾಡಲ್ಲ.

ವೈಂಡಿಂಗ್ ವೆಂಕಟೇಶಿ
@ಮಂಜ, ಅದು ಯಾಕೆ ಹಂಗಾಯ್ತು ಅಂತ ಹೇಳ್ತೀನಿ, ನಾನು ಮೋಟರ್ ವೈಂಡಿಂಗ್ ಕೆಲಸದೋನು, ಎರಡ್ಮೂರು ಇಂಥವು ಬಿಚ್ಚಿದೀನಿ. ಈ ಗಾಡೀಲಿ ಬ್ರೇಕ್ ಮೋಟರ್ ಹಿಂದೆನೇ ಕೂತಿರತ್ತೆ, ಒಳಗೆ ಸ್ಪ್ರಿಂಗ್ ಯಾವಾಗ್ಲೂ ಬ್ರೇಕ್ ಒತ್ತಿ ಹಿಡ್ಕೊಂಡಿರತ್ತೆ. ನೀವು ಲಿವರ್ ಒತ್ತಿದ್ರೆ ಕರೆಂಟ್ ಹೋಗಿ ಕಾಯಿಲ್ ಮ್ಯಾಗ್ನೆಟ್ ಆಗಿ ಆ ಸ್ಪ್ರಿಂಗನ್ನ ಎಳ್ಕೊಳತ್ತೆ, ಆಗ ಚಕ್ರ ಬಿಡುಗಡೆ. ಕರೆಂಟ್ ಇಲ್ಲ ಅಂದ್ರೆ ಬ್ರೇಕ್ ಬಿದ್ದೇ ಇರತ್ತೆ. ಅಂದ್ರೆ ಬ್ಯಾಟರಿ ಸತ್ತೋದ್ರೂ ಗಾಡಿ ಉರುಳಲ್ಲ, ಕೀ ಕಿತ್ರೂ ಉರುಳಲ್ಲ. ನಮ್ಮ ಲಿಫ್ಟ್‌ಗಳಲ್ಲಿ ಇರೋ ಬ್ರೇಕೂ ಇದೇ ಐಡಿಯಾ. ಆ ಕೆಂಪು ಲಿವರ್ ಎತ್ತಿದ್ರೆ ಮಾತ್ರ ಸ್ಪ್ರಿಂಗ್ ಕೈಯಿಂದ ಬಿಡಿಸ್ದಂಗೆ. ಆಮೇಲೆ ದೇವರೇ ಬ್ರೇಕು. ಅದನ್ನ ಎತ್ತೋದು ಸೀಟಲ್ಲಿ ಯಾರೂ ಇಲ್ದಾಗ, ಸಮ ನೆಲದಲ್ಲಿ ಮಾತ್ರ. ಕೂರೋಕೆ ಮುಂಚೆ ಗಾಡೀನ ಒಂದ್ಸಲ ಕೈಯಲ್ಲಿ ತಳ್ಳಿ ನೋಡಿ, ಅಲ್ಲಾಡ್ತು ಅಂದ್ರೆ ಕೂರ್ಬೇಡಿ.

ಹತ್ತೋವಾಗ ಇಳಿಯೋವಾಗ ಕೀ ಆಫ್ ಇರ್ಲೇಬೇಕು. ಏಳಕ್ಕೆ ಹ್ಯಾಂಡಲ್ ಹಿಡ್ಕೊಂಡಾಗ ಬೆರಳು ಲಿವರಿಗೆ ತಾಗಿ ಗಾಡಿ ಮುಂದಕ್ಕೆ ಹೋಗತ್ತೆ, ಮನುಷ್ಯ ಹಿಂದಕ್ಕೆ.

ಚಿಕ್ಬಳ್ಳಾಪುರ ಚಿಕ್ಕಣ್ಣ
ನಂದಿ ಬೆಟ್ಟ ಹತ್ತತ್ತಾ? 😀

ವೈಂಡಿಂಗ್ ವೆಂಕಟೇಶಿ
ನಿಮ್ಮನೆ ಗೇಟೇ ಹತ್ತಲ್ಲ ಬಿಡಿ ಅಣ್ಣ.

ನಾಕ್ ಚಕ್ರದ ನಾಣಿ
ತಮಾಷೆ ಅಲ್ಲ ಅದು, ಗೇಟೇ ನಿಜವಾದ ಸಮಸ್ಯೆ. ನಮ್ ಕಡೆ ಮನೆ ಮುಂದೆ ಬೈಕ್ ಹತ್ಸೋಕೆ ಅಂತ ಸಿಮೆಂಟ್ ಇಳಿಜಾರು ಹಾಕಿರ್ತಾರಲ್ಲ, ಒಂದಡಿ ಎತ್ತರಕ್ಕೆ ಮೂರಡಿ ಉದ್ದ, ಅದು ಬೈಕಿಗೆ ಸರಿ. ವೀಲ್‌ಚೇರ್ ಇಳಿಜಾರಿಗೆ ಲೆಕ್ಕ 1ಕ್ಕೆ 12. ಒಂದು ಇಂಚು ಏರಬೇಕು ಅಂದ್ರೆ ಒಂದಡಿ ಉದ್ದ. ನನ್ನ ಗಾಡಿ ಮ್ಯಾನ್ಯುಯಲ್ಲಲ್ಲಿ 8 ಡಿಗ್ರಿ ಮೇಲೆ ಹೋಗ್ಬೇಡಿ ಅಂತ ಬರ್ದಿದಾರೆ. ಏರೋವಾಗ ಮೈ ಮುಂದಕ್ಕೆ ಬಗ್ಗಿಸಿ ಸೀದಾ ಏರ್ಬೇಕು, ಓರೆಯಾಗಿ ಹೋದ್ರೆ ಪಕ್ಕಕ್ಕೆ ಮಗುಚತ್ತೆ. ಇಳಿಜಾರಿನ ಮಧ್ಯೆ ತಿರುಗಿಸೋದಂತೂ ಬೇಡ್ವೇ ಬೇಡ. ಮೂರು ಚಕ್ರದ್ದು ಸಂದೀಲಿ ಚೆನ್ನಾಗಿ ತಿರುಗತ್ತೆ ಅಂತ ತಗೋತಾರೆ, ಆದ್ರೆ ಮಗುಚೋದ್ರಲ್ಲೂ ಅದೇ ಫಸ್ಟು. ತಿರುವಿಗೆ ಮುಂಚೆನೇ ನಿಧಾನ ಮಾಡ್ಬೇಕು, ತಿರುವಲ್ಲಿ ಅಲ್ಲ.

ಕಾನೂನು ಕಾಮಣ್ಣ
ಯಾರೂ ಮುಖ್ಯವಾದ್ದು ಹೇಳ್ತಿಲ್ಲ. 25 ಕಿ.ಮೀ. ಒಳಗೆ ಸ್ಪೀಡ್ ಇದ್ರೆ ಲೈಸೆನ್ಸೂ ಬೇಡ ರಿಜಿಸ್ಟ್ರೇಷನ್ನೂ ಬೇಡ. ಆರಾಮಾಗಿ ಬಿ.ಎಚ್. ರಸ್ತೇಲೇ ಓಡಿಸ್ಲಿ, ಯಾರೂ ಕೇಳಂಗಿಲ್ಲ.

ಕಪ್ಪು ಕೋಟು
ಅರ್ಧ ಓದಿ ಸಲಹೆ ಕೊಡಬಾರದು ಕಾಮಣ್ಣೋರೆ. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಬರೀ ಸ್ಪೀಡ್ ಅಲ್ಲ, ಮೋಟರ್ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇರ್ಬೇಕು, ಅದನ್ನ ಟೆಸ್ಟಿಂಗ್ ಏಜೆನ್ಸಿ ಪರೀಕ್ಷೆ ಮಾಡಿ ಪಾಸ್ ಮಾಡಿರಬೇಕು, ಆಗ ಮಾತ್ರ ಮೋಟಾರು ವಾಹನ ಅಲ್ಲ ಅಂತ. ಹೊರಗಿಂದ ತರಿಸಿದ ಗಾಡಿಗೆ ಆ ಕಾಗದ ಇದ್ಯಾ ಅಂತ ಮಾರಿದೋರ ಹತ್ರ ಕೇಳಿ ಇಟ್ಕೊಳ್ಳಿ. ಕಾಯ್ದೇಲಿ ಮೊದಲು ಇನ್ವ್ಯಾಲಿಡ್ ಕ್ಯಾರೇಜ್ ಅಂತ ಒಂದು ಪದ ಇತ್ತು, 2019ರ ತಿದ್ದುಪಡೀಲಿ ಅದನ್ನ ತೆಗೆದು ಅಡಾಪ್ಟೆಡ್ ವೆಹಿಕಲ್ ಅಂತ ಮಾಡಿದ್ರು, ಅದು ಮೋಟಾರು ವಾಹನಾನೇ, ಅದಕ್ಕೆ ಲೈಸೆನ್ಸ್ ಇದೆ. ಎರಡನ್ನೂ ಕಲಸಿಕೊಳ್ಳಬೇಡಿ.

ಮತ್ತೆ, ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಬಿ.ಎಚ್. ರಸ್ತೇಲಿ ಓಡಿಸಬಹುದು ಅಂತ ಅಲ್ಲ ಸ್ವಾಮಿ. ಕೂತಾಗ ತಲೆ ನಾಲ್ಕಡಿ ಎತ್ತರ. ಬಸ್ಸಿನೋನಿಗೆ ಮೂತಿ ಮುಂದೆ ನಿಂತ್ರೂ ಕಾಣಲ್ಲ.

ಕಾನೂನು ಕಾಮಣ್ಣ
ನಾನ್ ಹೇಳಿದ್ದು ಸ್ಥೂಲವಾಗಿ.

ಲೆಸ್ಟರ್ ಲೋಕಿ
ನಾನು ಮೂಲ ಕ್ಯಾತ್ಸಂದ್ರ, ಈಗ ಇಂಗ್ಲೆಂಡಲ್ಲಿದೀನಿ. ಇಲ್ಲಿ ಇಂಥ ಗಾಡಿ ಬೀದಿಗೆ ಹತ್ತು ಕಾಣತ್ತೆ. ಎರಡು ಕ್ಲಾಸ್ ಮಾಡಿದಾರೆ, ಫುಟ್‌ಪಾತ್ ಮೇಲೆ ಮಾತ್ರ ಹೋಗೋದು ಗಂಟೆಗೆ 4 ಮೈಲಿ, ರೋಡಿಗೂ ಇಳಿಯೋದು 8 ಮೈಲಿ. ರೋಡಿಗೆ ಇಳಿಯೋ ಗಾಡಿಗೆ ಲೈಟು, ಇಂಡಿಕೇಟರು, ಹಾರನ್ನು ಇರ್ಲೇಬೇಕು, ಓಡಿಸೋರಿಗೆ 14 ಆಗಿರ್ಬೇಕು. ರೋಡಿಗೆ ಇಳಿಯೋ ಗಾಡೀಲೂ ಒಂದು ಸ್ವಿಚ್ ಇರತ್ತೆ, ಫುಟ್‌ಪಾತ್ ಹತ್ತಿದ ತಕ್ಷಣ 4ಕ್ಕೆ ಇಳಿಸ್ಬೇಕು. ಡ್ರೈವಿಂಗ್ ಟೆಸ್ಟ್ ಅಂತೂ ಇಲ್ಲೂ ಇಲ್ಲ.

ಬಟವಾಡಿ ಬಸು
ಲೋಕಿ ಅಣ್ಣ, ಅಲ್ಲಿ ಫುಟ್‌ಪಾತ್ ಇದೆ. ಇಲ್ಲಿ ಫುಟ್‌ಪಾತ್ ಹತ್ತಕ್ಕೆ ಮುಕ್ಕಾಲಡಿ, ಹತ್ತಿದ್ಮೇಲೆ ಟ್ರಾನ್ಸ್‌ಫಾರ್ಮರ್, ಅದಾದ್ಮೇಲೆ ಬೈಕ್ ಬರಬಾರ್ದು ಅಂತ ನೆಟ್ಟಿರೋ ಕಂಬ, ಕಂಬದ ಸಂದೀಲಿ ಬೈಕು ನುಗ್ಗತ್ತೆ, ತಾತನ ಗಾಡಿ ಸಿಕ್ಕಾಕ್ಕೊಳತ್ತೆ.

ಲೆಸ್ಟರ್ ಲೋಕಿ
ನಿಜ ಮಾರಾಯ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ರಸ್ತೆ ದಾಟೋದು ನೆನೆಸ್ಕೊಂಡ್ರೆ ಈಗ್ಲೂ ಎದೆ ಹೊಡ್ಕೊಳತ್ತೆ.

ಹಳೇ ಪೈಲ್ವಾನ್
ತಟ್ಟೆ ಇಡ್ಲಿ ಅಂದ್ರೆ ಈಗ ಬಿಡದಿ ಅಂತಾರೆ ಜನ. ಎಲ್ಲಿ ಬಿಡದಿ ಎಲ್ಲಿ ಕ್ಯಾತ್ಸಂದ್ರ.

ಚಿಕ್ಬಳ್ಳಾಪುರ ಚಿಕ್ಕಣ್ಣ
ಎರಡೂ ತಿಂದಿದೀನಿ, ಬಿಡದಿನೇ ಮೆತ್ತಗೆ.

ಹಳೇ ಪೈಲ್ವಾನ್
ನಿಮ್ಗೆ ನಾಲಿಗೆ ಟೆಸ್ಟ್ ಮಾಡಿಸ್ಬೇಕು, ಕಣ್ಣಲ್ಲ.

ಕೋಲಾರದ ಕುಸುಮ
ಇಡ್ಲಿ ಬಿಡ್ರಪ್ಪ, ಹಂಪ್ ವಿಷಯಕ್ಕೆ ಬನ್ನಿ. ಅಮ್ಮನ ಗಾಡಿ ನಮ್ಮ ಬೀದಿ ಹಂಪ್ ಮೇಲೆ ಹೊಟ್ಟೆ ಊರಿ ನಿಂತುಬಿಟ್ಟಿತ್ತು, ನಾಲ್ಕು ಚಕ್ರಾನೂ ಗಾಳೀಲಿ. ಇಬ್ರು ಹುಡುಗ್ರು ಎತ್ತಿ ಇಳ್ಸಿದ್ರು.

ಸಿವಿಲ್ ಸಿದ್ದು
ಅದು ಹಂಪ್ ಅಲ್ಲ ಮೇಡಂ, ಗೋರಿ. ರಸ್ತೆ ಹೆಂಗಿರ್ಬೇಕು ಅಂತ ಅಳತೆ ಗೊತ್ತುಮಾಡೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ಸಂಸ್ಥೆ ಪ್ರಕಾರ ಹಂಪು 10 ಸೆಂ.ಮೀ. ಎತ್ತರಕ್ಕೆ 3.7 ಮೀಟರ್ ಅಗಲ ಇರ್ಬೇಕು, ಹಾಸಿಗೆ ಹಾಸ್ದಂಗೆ. ಬೀದಿಯೋರೇ ರಾತ್ರಿ ಉಳಿದ ಕಾಂಕ್ರೀಟ್ ಸುರಿದು ಮಾಡೋದು ಅಡಿ ಅಗಲ, ಮುಕ್ಕಾಲಡಿ ಎತ್ತರ. ಸಣ್ಣ ಗಾಡಿಗಳ ಹೊಟ್ಟೆ ನೆಲದಿಂದ ಎರಡು ಮೂರು ಇಂಚಷ್ಟೇ ಮೇಲಿರೋದು.

ನಾಕ್ ಚಕ್ರದ ನಾಣಿ
ಹಿಂದೆ ಎರಡು ಪುಟಾಣಿ ಚಕ್ರ ಇರತ್ತಲ್ಲ, ಹಿಂದಕ್ಕೆ ಮಗುಚದೇ ಇರಲಿ ಅಂತ, ಅದೂ ಹಂಪಿಗೆ ತಗುಲಿ ಹಿಂದಿನ ಚಕ್ರ ಎತ್ತಿಬಿಡತ್ತೆ. ಆದ್ರೆ ತಗುಲತ್ತೆ ಅಂತ ಅದನ್ನ ಬಿಚ್ಚಿಸಬೇಡಿ. ನಾನು ಹಂಪಿನ ತುದಿ, ಮೋರಿ ಪಕ್ಕ ನೀರು ಹೋಗೋಕೆ ಜಾಗ ಖಾಲಿ ಬಿಟ್ಟಿರ್ತಾರೆ ನೋಡಿ, ಅಲ್ಲಿಂದ ನುಗ್ಗುಸ್ತೀನಿ. ಒಂದು ಕಡೆ ಚಕ್ರ ಮೇಲೆ ಒಂದು ಕಡೆ ಕೆಳಗೆ ಆಗದಂಗೆ ನೋಡ್ಕೋಬೇಕು, ಅಷ್ಟು ಜಾಗ ಇಲ್ಲಾಂದ್ರೆ ಆ ಬೀದಿನೇ ಬೇಡ. ನಂಗೆ ಊರಿನ ಮ್ಯಾಪೇ ಬೇರೆ ಇದೆ ಈಗ, ಯಾವ ಬೀದೀಲಿ ಹಂಪ್ ಇಲ್ಲ, ಯಾವ ಅಂಗಡಿಗೆ ಮೆಟ್ಲಿಲ್ಲ, ಯಾವ ಮೂಲೇಲಿ ನಾಯಿ ಗುಂಪು. ಮನೆಯಿಂದ ಔಷಧಿ ಅಂಗಡಿ ನಡೆಯೋರಿಗೆ ಐದು ನಿಮಿಷ, ನಂಗೆ ಸುತ್ತಾಕ್ಕೊಂಡು ಹದಿನೈದು.

ಮತ್ತೆ ಬಾವುಟ. ಮಕ್ಕಳ ಸೈಕಲ್ಲಿಗೆ ಹಾಕೋ ಉದ್ದ ಕಡ್ಡಿಗೆ ಕಿತ್ತಳೆ ಬಟ್ಟೆ ಕಟ್ಟಿ ಸೀಟ್ ಹಿಂದೆ ನಿಲ್ಸಿದೀನಿ, ಆರಡಿ. ನನ್ನ ತಲೆ ಕಾಣ್ದಿದ್ರೂ ಬಾವುಟ ಕಾಣತ್ತೆ. ಹಿಂದೆ ಲಾರಿಗೆ ಅಂಟಿಸೋ ಕೆಂಪು ರಿಫ್ಲೆಕ್ಟರ್ ಟೇಪು. ಹುಡುಗ್ರು ನಗ್ತಾರೆ, ನಗ್ಲಿ, ನಗಬೇಕು ಅಂದ್ರೆ ನನ್ನ ನೋಡಿರ್ಬೇಕಲ್ಲ.

ಮಂಡಿಪೇಟೆ ಮಂಜ
ಬ್ಯಾಟರಿ ಬಗ್ಗೆ ಯಾರಾದ್ರೂ ಹೇಳಿ. ಅಪ್ಪಂದು ಒಂದೂವರೆ ವರ್ಷಕ್ಕೆ ಸತ್ತೋಯ್ತು. ಇಲ್ಲೊಬ್ಬ ಕಾರ್ ಬ್ಯಾಟರಿ ಹಾಕ್ಕೊಡ್ತೀನಿ ಅರ್ಧ ರೇಟಿಗೆ ಅಂತಿದಾನೆ.

ವೈಂಡಿಂಗ್ ವೆಂಕಟೇಶಿ
ಬೇಡ ಕಣಪ್ಪ. ಕಾರ್ ಬ್ಯಾಟರಿ ಸ್ಟಾರ್ಟ್ ಮಾಡೋಕೆ ಒಂದು ಗುದ್ದು ಕೊಡೋದಕ್ಕೆ ಮಾಡಿರೋದು, ಇದ್ರಲ್ಲಿ ಚಾರ್ಜು ದಿನಾ ತುಂಬಾ ಇಳಿಯತ್ತೆ, ದಿನಾ ಮತ್ತೆ ಏರಿಸ್ಬೇಕು, ಅದಕ್ಕೆ ಕಾರ್ ಬ್ಯಾಟರಿ ತಡಿಯಲ್ಲ. ಗಾಡಿ ಓಲಾಡಿದ್ರೆ ಆಸಿಡ್ ಬೇರೆ ಚೆಲ್ಲತ್ತೆ, ಸೀಟ್ ಕೆಳಗೆ. ಸೀಲ್ ಆಗಿರೋ ಜೆಲ್ ಅಥವಾ ಎಜಿಎಂ ಬ್ಯಾಟರಿ, 12 ವೋಲ್ಟಿಂದು ಎರಡು, ಸೀರೀಸಲ್ಲಿ 24. ಎರಡನ್ನೂ ಒಟ್ಟಿಗೇ ಬದಲಾಯಿಸ್ಬೇಕು, ಒಂದು ಹಳೇದು ಒಂದು ಹೊಸದು ಹಾಕಿದ್ರೆ ಹಳೇದು ಹೊಸದನ್ನ ತಿನ್ನತ್ತೆ. ಒಂದೂವರೆ ವರ್ಷಕ್ಕೆ ಹೋಯ್ತು ಅಂದ್ರೆ ಖಾಲಿ ಮಾಡಿ ಹಂಗೇ ಬಿಡ್ತಿದ್ರಿ ಅಂತ ಕಾಣತ್ತೆ. ಸೀಸದ ಬ್ಯಾಟರಿ ಖಾಲಿ ಇಟ್ರೆ ಒಳಗೆ ಸಲ್ಫೇಟ್ ಗಟ್ಟಿಯಾಗಿ ಕೂತು ಆಮೇಲೆ ಚಾರ್ಜೇ ಹಿಡಿಯಲ್ಲ. ಅರ್ಧ ಕಿಲೋಮೀಟರ್ ಹೋಗಿ ಬಂದ್ರೂ ರಾತ್ರಿ ಚಾರ್ಜಿಗೆ ಹಾಕಿ. ಲಿಥಿಯಂ ಆದ್ರೆ ಲೆಕ್ಕ ಬೇರೆ, ಅದರ ಚಾರ್ಜರ್ ಇದಕ್ಕೆ, ಇದರ ಚಾರ್ಜರ್ ಅದಕ್ಕೆ ಹಾಕಂಗಿಲ್ಲ. ಹಾಸಿಗೆ ಪಕ್ಕ, ಬಾಗಿಲಿಗೆ ಅಡ್ಡ ನಿಲ್ಸಿ ಚಾರ್ಜ್ ಮಾಡ್ಬೇಡಿ.

ಮಳೇಲಿ ನೆನೆದ್ರೆ ಆವತ್ತು ಚಾರ್ಜಿಗೆ ಹಾಕ್ಬೇಡಿ, ಒಣಗ್ಲಿ. ಹ್ಯಾಂಡಲ್ ಒಳಗೆ ಸರ್ಕ್ಯೂಟ್ ಇರತ್ತೆ, ನೀರು ಇಳಿದ್ರೆ ಗೋವಿಂದ.

ಗುಬ್ಬಿಗೇಟ್ ಗುಂಡ
ಇಷ್ಟೆಲ್ಲ ರಾಮಾಯಣ ಇದೆ ಅಂದ್ಮೇಲೆ ನಾನ್ ಹೇಳಿದ್ದೇ ಸರಿ ಅಲ್ವಾ. ಕೀ ಬೀರುವಲ್ಲೇ ಇರ್ಲಿ.

ಕೋಲಾರದ ಕುಸುಮ
ಗುಂಡ ಅವರೇ, ನಮ್ಮಮ್ಮ ಈಗಿಲ್ಲ. ಕೊನೇ ಎರಡು ವರ್ಷ ಅವರು ಯಾರನ್ನೂ ಕೇಳದೆ ಗುಡಿಗೆ ಹೋಗಿ ಬರ್ತಿದ್ರು, ಹೂವು ತರ್ತಿದ್ರು, ಬರ್ತಾ ನಂಗೆ ಇಷ್ಟ ಅಂತ ನೇರಳೆ ಹಣ್ಣು ತಂದ್ಕೊಡ್ತಿದ್ರು. ಅಷ್ಟೇ ಹೇಳೋದು.

ಗುಬ್ಬಿಗೇಟ್ ಗುಂಡ
ಸಾರಿ ಅಕ್ಕ.

ಎಸ್.ಎಸ್.ಪುರಂ ಸೊಸೆ
ಹದಿನೆಂಟು ದಿನ ಆದ್ಮೇಲೆ ಬರ್ತಿದೀನಿ, ಎಲ್ರಿಗೂ ಥ್ಯಾಂಕ್ಸ್. ಕಣ್ಣಿನ ಟೆಸ್ಟ್ ಆಯ್ತು. ಫಿಸಿಯೋ ಸಾರ್ ಹೆದರಿಸಿದಂಗೆ ಪಕ್ಕದ ನೋಟ ಹೋಗಿಲ್ಲ, ಆದ್ರೆ ಬಲಗಣ್ಣಿಗೆ ಪೊರೆ ಪೂರ್ತಿ ಬಲಿತಿದೆಯಂತೆ, "ಇಷ್ಟು ದಿನ ಏನ್ ಮಾಡ್ತಿದ್ರಿ ಮೇಷ್ಟ್ರೇ" ಅಂದ್ರು ಡಾಕ್ಟ್ರು. ಮುಂದಿನ ವಾರ ಆಪರೇಷನ್. ಅಲ್ಲಿ ತನಕ ಜೂನಿಯರ್ ಕಾಲೇಜ್ ಮೈದಾನ ಮಾತ್ರ. ಬೆಳಿಗ್ಗೆ ಆರಕ್ಕೆ ನಮ್ಮನೆಯವರು ಗಾಡೀನ ಲಗೇಜ್ ಆಟೋದಲ್ಲಿ ಹಾಕ್ಕೊಂಡು ಹೋಗ್ತಾರೆ, ಮಗ "ಬಿಡಿ ತಾತ" ಅಂತಾನೆ. ಮೊದಲ್ನೇ ದಿನ ಇಪ್ಪತ್ತಕ್ಕೆ ಒಂಬತ್ತು ಸಲ ತಾತ ಹಿಡಿದೇಬಿಟ್ರು. ನಿನ್ನೆ ಇಪ್ಪತ್ತಕ್ಕೆ ಎರಡು. ಅದನ್ನೆಲ್ಲ ಹಳೇ ಡೈರೀಲಿ ಬರೆದಿಡ್ತಾರೆ, ಪಕ್ಕದಲ್ಲಿ ಪರ್ಸೆಂಟೇಜು. "ಗಂಟೆಗೆ ಆರು ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಐದೂವರೆ ಅಡಿ, ನಾನು ಒಂದು ಸೆಕೆಂಡ್ ತಡ ಮಾಡಿದ್ರೆ ನಾಯಿ ನಂಗೆ ಐದೂವರೆ ಅಡಿ ಹತ್ರ" ಅಂತ ಊಟ ಮಾಡ್ತಾ ಎಲ್ರಿಗೂ ಪಾಠ.

ಗೇಟ್ ಇಳಿಜಾರನ್ನೂ ಟೇಪ್ ಹಿಡಿದು ಅಳೆಸಿದ್ರು. ಎತ್ತರ 11 ಇಂಚು, ಉದ್ದ 33. ಕೋನಮಾಪಕ ತರಿಸಿ ದಾರಕ್ಕೆ ನಟ್ಟು ಕಟ್ಟಿ ನೋಡಿ "18 ಡಿಗ್ರಿ, ಇಷ್ಟು ದಿನ ನಾನು ಬದುಕಿರೋದೇ ಹೆಚ್ಚು" ಅಂದ್ರು. ನಾಣಿ ಸಾರ್ ಲೆಕ್ಕದಲ್ಲಿ 11 ಅಡಿ ಬೇಕು, ರಸ್ತೆ ಕಡೆ ಅಷ್ಟು ಜಾಗ ಇಲ್ಲ, ಅದಕ್ಕೆ ಕಾಂಪೌಂಡ್ ಒಳಗೆ ಗೋಡೆ ಉದ್ದಕ್ಕೂ ಹಾಕಿಸಿ ಗೇಟ್ ಹತ್ರ ರಸ್ತೆ ಸಮಕ್ಕೆ ಇಳಿಸೋದು ಅಂತ ಆಗಿದೆ. ಅತ್ತೆಯ ಎರಡು ಕನಕಾಂಬರ ಗಿಡ ಹೋಗತ್ತೆ, ಆ ಜಗಳ ಇನ್ನೂ ಮುಗಿದಿಲ್ಲ.

ಕೀ ಈಗ ಬೀರುವಲ್ಲಿಲ್ಲ, ಟಿವಿ ಪಕ್ಕದ ಮೊಳೇಲಿ ನೇತಾಡ್ತಿದೆ. ಆಪರೇಷನ್ ಆಗಿ ಡಾಕ್ಟ್ರು ಸರಿ ಅನ್ನೋ ತನಕ ತಾನಾಗೇ ಮುಟ್ಟಲ್ಲ ಅಂತ ಮೊಮ್ಮಗನ ಹತ್ರ ಭಾಷೆ ಕೊಟ್ಟಿದಾರೆ.

ನಾಕ್ ಚಕ್ರದ ನಾಣಿ
ಇಪ್ಪತ್ತಕ್ಕೆ ಎರಡು ಇನ್ನೂ ಜಾಸ್ತಿ ಮೇಷ್ಟ್ರೇ. ಸೊನ್ನೆ ಬರ್ಬೇಕು, ಆಮೇಲೆ ಇನ್ನೊಂದು ವಾರ.

ಎಸ್.ಎಸ್.ಪುರಂ ಸೊಸೆ
ತೋರಿಸ್ದೆ. "ಈ ಮನುಷ್ಯ ಯಾವ ಸ್ಕೂಲಲ್ಲಿ ಪಾಠ ಮಾಡ್ತಿದ್ದ ಕೇಳು" ಅಂದ್ರು 😀 ಮಳೆಗಾಲಕ್ಕೆ ಮುಂಚೆ ಗಾಡಿಗೊಂದು ಕವರ್ ಬೇಕು, ಅತ್ತೆ ಸೀರೆ ವಾಪಸ್ ಕೇಳ್ತಿದಾರೆ. ತುಮಕೂರಲ್ಲಿ ಎಲ್ಲಿ ಸಿಗತ್ತೆ?

ಮಂಡಿಪೇಟೆ ಮಂಜ
ರೆಡಿಮೇಡ್ ಸಿಗಲ್ಲ ಅಕ್ಕ. ನಮ್ಮ ಕಡೆ ಟಾರ್ಪಾಲ್ ಹೊಲಿಯೋರಿದಾರೆ, ಗಾಡಿ ಅಳತೆ ತಗೊಂಡು ಬನ್ನಿ. ಹ್ಯಾಂಡಲ್ ಹತ್ರ ಎರಡಿಂಚು ಸಡಿಲ ಬಿಡಕ್ಕೆ ಹೇಳಿ, ನಮ್ದು ಬಿಗಿಯಾಗಿ ಹೊಲ್ಸಿ ಲಿವರ್ ಒತ್ತಿ ಹಿಡ್ಕೋತಿತ್ತು.